ಒಂದು ಮನೆಗೆ ಒಂದೇ ಮತ

ಕಳೆದ ಸಲ ಇಲ್ಲಿ ಲಂಡನ್ನಿನಲ್ಲಿ ಕೌನ್ಸಿಲ್ ಚುನಾವಣೆಗೆ ವೋಟು ಹಾಕಲು ಹೊರಟಾಗ ನಮ್ಮ ಮತಗಟ್ಟೆ ಬದಲಾಗಿತ್ತು. ಯಾವಾಗಿನ ಶಾಲೆ ಅಲ್ಲ, ಟ್ರಾಮ್ ಸ್ಟಾಪಿನ ಹಿಂದಿನ ಚರ್ಚ್ ಹಾಲ್. ಆ ಹಾಲಿಗೆ ನಾನು ಕಾಲಿಡದೆ ಎಷ್ಟೋ ವರ್ಷವಾಗಿತ್ತು. ಬಾಗಿಲು ದೂಡಿದ್ದೇ ತಡ, ವಾಸನೆ ಮೂಗಿಗೆ ಬಡಿಯಿತು: ಮರದ ನೆಲಕ್ಕೆ ಹಚ್ಚಿದ ಪಾಲಿಶ್, ಮಳೆಗೆ ನೆನೆದ ಕೋಟುಗಳು, ರೇಡಿಯೇಟರಿನ ಮೇಲೆ ಕಾದ ಧೂಳು. ಇಂಗಿನ ಒಗ್ಗರಣೆಯೊಂದಿಲ್ಲ, ಉಳಿದದ್ದೆಲ್ಲ ನಮ್ಮ ಹಬ್ಬಗಳ ಕಾಲದ ಹಾಗೇ ಇತ್ತು. ಬಾಗಿಲಲ್ಲೇ ನಿಂತುಬಿಟ್ಟೆ. ಗಂಡ ಲಾರೆನ್ಸ್ ಹಿಂದಿನಿಂದ, "ಎಂತ ಆಯ್ತು ಮಾರಾಯ್ತಿ? ಮುಂದೆ ನಡಿ" ಎಂದು ತಿವಿದರು.

ಸಾಲಿನಲ್ಲಿ ನಮ್ಮ ಮುಂದೆ ಅಕ್ಷತಾ ನಿಂತಿದ್ದಳು. ನಮ್ಮ ಕ್ರೋಯ್ಡನ್ ಕನ್ನಡ ಸಂಘದ ಹೊಸ ಕಾರ್ಯದರ್ಶಿ, ಬೆಂಗಳೂರಿನ ಹುಡುಗಿ, ಬಾಯಿ ತೆರೆದರೆ ಪಟಪಟ ಎನ್ನುವವಳು.

"ಆಂಟಿ, ಒಳ್ಳೆ ಟೈಮಿಗೆ ಸಿಕ್ರಿ. ಮೆಂಬರ್ಸ್ ಹೆಸರೆಲ್ಲ ಸರಿ ಮಾಡ್ತಿದೀನಿ. ಈ ವಸುಧಾ ಅನ್ನೋರು ಯಾರು? ಒಂದು ಮೀಟಿಂಗಿಗೂ ಬಂದಿಲ್ಲ, ಒಂದು ಹಬ್ಬಕ್ಕೂ ಬಂದಿಲ್ಲ. ತೆಗೆದ್ಬಿಡ್ಲಾ?"

"ಹಾಗೆಲ್ಲ ತೆಗೀಲಿಕ್ಕೆ ಆಗುದಿಲ್ಲ. ಮೊದಲು ಅವರ ಹತ್ರ ಕೇಳ್ಬೇಕು. ಸಂವಿಧಾನದಲ್ಲಿ ಉಂಟು."

"ಅಯ್ಯೋ, ನಮ್ಮ ಸಂಘಕ್ಕೂ ಸಂವಿಧಾನ ಇದ್ಯಾ!" ಎಂದು ಅವಳು ಜೋರಾಗಿ ನಕ್ಕಳು. ಮೇಜಿನ ಹಿಂದಿದ್ದ ಇಂಗ್ಲಿಷ್ ಹೆಂಗಸು ತಲೆ ಎತ್ತಿ ನೋಡಿದಳು. ಅಷ್ಟರಲ್ಲಿ ಅಕ್ಷತಾಳ ಸರದಿ ಬಂತು, ಅವಳು ಹೋದಳು.

ಇದ್ಯಾ ಅಂತೆ! ಅದಕ್ಕಾಗಿ ಒಂದು ಇಡೀ ಚಳಿಗಾಲ ನಾವು ಒಬ್ಬರ ಮುಖ ಒಬ್ಬರು ನೋಡದೆ ಓಡಾಡಿದ್ದು, ಇದೇ ಹಾಲಿನಲ್ಲಿ ಬಿಸಿಬೇಳೆಭಾತು ತಣ್ಣಗಾಗಿ ಗಟ್ಟಿಯಾಗುವವರೆಗೆ ಜಗಳಾಡಿದ್ದು ಈ ಹುಡುಗಿಗೆ ಹೇಗೆ ಗೊತ್ತಾಗಬೇಕು. ದಾರಕ್ಕೆ ಕಟ್ಟಿದ ಪೆನ್ಸಿಲ್ ಹಿಡಿದು ಗುರುತು ಹಾಕಿ, ಚೀಟಿ ಮಡಿಸಿ ಪೆಟ್ಟಿಗೆಗೆ ಹಾಕಿದೆ.

ಅದು 2004ರ ಕೊನೆ. ಆಗ ಲಂಡನ್ನಿನಲ್ಲಿ ನಾವು ಕನ್ನಡದವರು ಮೂರು ಸಂಘ ಮಾಡಿಕೊಂಡಿದ್ದೆವು. ಹ್ಯಾರೋದವರದ್ದು ಹಳೆಯದು, ದೊಡ್ಡದು. ಎಜ್‌ವೇರಿನವರದ್ದು ಮಧ್ಯಮ. ನಮ್ಮ ಕ್ರೋಯ್ಡನ್ನಿನದು ಸಣ್ಣದು, ಬಾಯಿ ಮಾತ್ರ ದೊಡ್ಡದು. ನಮ್ಮಲ್ಲಿ ಬೆಂಗಳೂರಿನಿಂದ ಕಂಪ್ಯೂಟರ್ ಕೆಲಸಕ್ಕೆ ಬಂದವರ ಸಂಸಾರಗಳೇ ಹೆಚ್ಚು. ಜೊತೆಗೆ ನಮ್ಮಂಥ ಉಡುಪಿ, ಮಂಗಳೂರು ಕಡೆಯ ಕೊಂಕಣಿ ಕ್ರಿಸ್ತುವರ ನಾಲ್ಕಾರು ಮನೆ. ಲಾರೆನ್ಸ್ ಟ್ರಾಮ್ ಓಡಿಸುತ್ತಿದ್ದರು. ನಾನು ಹಲ್ಲಿನ ಡಾಕ್ಟರೊಬ್ಬರ ರಿಸೆಪ್ಷನ್ನಿನಲ್ಲಿ ಕೂತು ಇಡೀ ದಿನ ಫೋನಿಗೆ ಉತ್ತರ ಕೊಡುತ್ತಿದ್ದೆ. ಹೇಗೂ ಮಾತಾಡಿ ಅಭ್ಯಾಸ ಇರುವವಳು ಎಂದು ಸಂಘದವರು ನನ್ನನ್ನೇ ಕಾರ್ಯದರ್ಶಿ ಮಾಡಿ ಕೂರಿಸಿದ್ದರು.

ಹ್ಯಾರೋ ಸಂಘದ ಅಧ್ಯಕ್ಷರು ಡಾಕ್ಟರ್ ಶ್ರೀಕಂಠಯ್ಯ. ಮೈಸೂರಿನವರು, ಬಹಳ ವರ್ಷ ಅಲ್ಲೇ ಜಿಪಿಯಾಗಿ ಸುತ್ತಿನ ಮನೆಗಳವರ ಕಾಯಿಲೆ ನೋಡಿ ನಿವೃತ್ತರಾದವರು. ಹೊಸದಾಗಿ ಬಂದ ಎಷ್ಟು ಸಂಸಾರಗಳಿಗೆ ಅವರು ಮನೆ ಹುಡುಕಿಕೊಟ್ಟಿದ್ದಾರೋ, ಎಷ್ಟು ಬಾಣಂತಿಯರಿಗೆ ಅವರ ಹೆಂಡತಿ ಸಾರು ಅನ್ನ ಕಳಿಸಿದ್ದಾರೋ ಲೆಕ್ಕವಿಲ್ಲ. ಅವರಿಗೆ ಒಂದೇ ಆಸೆ ಇತ್ತು. ಮೂರೂ ಸಂಘ ಸೇರಿ ಒಂದು ಒಕ್ಕೂಟವಾಗಬೇಕು, ಒಕ್ಕೂಟಕ್ಕೆ ಒಂದು ಸ್ವಂತ ಕಟ್ಟಡವಾಗಬೇಕು. "ಎಷ್ಟು ದಿನ ಅಂತ ಚರ್ಚ್ ಹಾಲ್ ಬಾಡಿಗೆಗೆ ಹಿಡಿದು, ಹಬ್ಬದ ದಿನ ಗಡಿಯಾರ ನೋಡ್ಕೊಂಡು ಪಾತ್ರೆ ತೊಳೆಯೋದು?" ಎನ್ನುತ್ತಿದ್ದರು. ಅದಕ್ಕಾಗಿ ತಾವೇ ಕೂತು ಒಂದು ಕರಡು ಬರೆದರು. ಊರಲ್ಲಾದರೆ ಇಂಥದ್ದನ್ನು ಬೈಲಾ ಅನ್ನುತ್ತಾರೆ, ಡಾಕ್ಟರು ಸಂವಿಧಾನ ಎಂದೇ ಕರೆದರು. ಮೂರು ಸಂಘಗಳೂ ತಮ್ಮ ತಮ್ಮ ಸಭೆಯಲ್ಲಿ ಒಪ್ಪಿದರೆ ಮಾತ್ರ ಅದು ಜಾರಿ. ಯುಗಾದಿಯ ಕಾರ್ಯಕ್ರಮದ ಹೊತ್ತಿಗೆ ಮುಗಿಯಬೇಕು ಎಂದು ಗಡುವು ಇಟ್ಟರು.

ಆ ಹೊತ್ತಿಗೆ ಟಿವಿಯಲ್ಲೂ ಅದೇ ಮಾತು. ಯುರೋಪಿನ ದೇಶಗಳಿಗೆಲ್ಲ ಸೇರಿ ಒಂದು ಸಂವಿಧಾನವಂತೆ, ಒಂದೊಂದು ದೇಶವೂ ಒಪ್ಪಬೇಕಂತೆ, ಬ್ರಿಟನ್ನಿನಲ್ಲಿ ಜನರ ವೋಟು ಕೇಳುತ್ತಾರಂತೆ. ಲಾರೆನ್ಸಿಗೆ ಭಾರಿ ತಮಾಷೆ. "ಅಲ್ಲಿ ಫ್ರಾನ್ಸ್ ಜರ್ಮನಿ, ಇಲ್ಲಿ ಹ್ಯಾರೋ ಎಜ್‌ವೇರ್. ಯಾರು ಮೊದಲು ಹೊಡೆದಾಡ್ತಾರೆ ನೋಡುವ!" ಎಂದು ಊಟದ ಮೇಜಿನಲ್ಲಿ ನಗುತ್ತಿದ್ದರು. ನಾನೂ ನಕ್ಕಿದ್ದೆ. ಡಾಕ್ಟರು ಕಳಿಸಿದ ಕರಡಿನಲ್ಲಿ ರಾಜ್ಯೋತ್ಸವ ಯಾರ ಪಾಲಿಗೆ, ದೀಪಾವಳಿ ಯಾರ ಪಾಲಿಗೆ ಎಂಬುದನ್ನಷ್ಟೇ ನೋಡಿ ಫ್ರಿಜ್ಜಿನ ಮೇಲೆ ಇಟ್ಟಿದ್ದೆ.

ಆಮೇಲೆ ನವೆಂಬರಿನ ಒಂದು ಶನಿವಾರ ಸಂಜೆ ವಸುಧಾ ನಮ್ಮ ಫ್ಲ್ಯಾಟಿನ ಬಾಗಿಲಿಗೆ ಬಂದು ನಿಂತಳು.

ವಸುಧಾ ಧಾರವಾಡದವಳು. ಹ್ಯಾರೋದಲ್ಲಿ ಶನಿವಾರದ ಕನ್ನಡ ತರಗತಿ ನಡೆಸುತ್ತಿದ್ದವಳು ಅವಳೇ, ನಮ್ಮ ಕಡೆಯಿಂದಲೂ ಕೆಲವರು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಂಥ ಮಕ್ಕಳನ್ನು ಕೂರಿಸಿಕೊಂಡು, ಊರಿಗೆ ಫೋನ್ ಹಚ್ಚಿದಾಗ "ಅಜ್ಜಿ, ಊಟ ಆಯ್ತಾ? ಏನು ಅಡುಗೆ?" ಎಂದು ಕೇಳುವಷ್ಟು ಮಾಡಿದ್ದಳು. ಒಂದು ಮಗು ಹಾಗೆ ಕೇಳಿದ್ದಕ್ಕೆ ಅತ್ತ ಕಡೆಯಿಂದ ಅಜ್ಜಿ ಅತ್ತುಬಿಟ್ಟರಂತೆ. ಅವಳ ಗಂಡ ಹ್ಯಾರೋ ಸಂಘದ ಕಮಿಟಿಯಲ್ಲಿದ್ದರು. ಆ ಬೇಸಿಗೆಯಲ್ಲಿ ಇಬ್ಬರೂ ಬೇರೆಯಾದರು. ಯಾಕೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮನೆ ಗಂಡನಿಗೆ ಉಳಿಯಿತು, ಅವಳು ಎಜ್‌ವೇರಿನಲ್ಲಿ ಒಂದು ರೂಮು ಹಿಡಿದಳು.

ಎಜ್‌ವೇರಿನಿಂದ ಕ್ರೋಯ್ಡನ್ ಎಂದರೆ ಲಂಡನ್ನಿನ ಈ ತುದಿಯಿಂದ ಆ ತುದಿ. ನೆಲದಡಿಯ ಟ್ಯೂಬು, ಮೇಲಿನ ಟ್ರೈನು, ಆಮೇಲೆ ಮಳೆಯಲ್ಲಿ ನಡಿಗೆ. ಬಂದವಳ ಕೂದಲಿನಿಂದ ನೀರು ಇಳಿಯುತ್ತಿತ್ತು. ಅಡುಗೆಮನೆಯಲ್ಲಿ ಬಂಗುಡೆ ಸಾರು ಕುದಿಯುತ್ತಿತ್ತು, ನಾನು ಅವಸರದಲ್ಲಿ ಮುಚ್ಚಳ ಹಾಕಿ ಕಿಟಕಿ ತೆರೆದೆ.

"ಇರಲಿ ಅಕ್ಕಾ, ಏನೂ ಆಗೂದಿಲ್ಲ. ಒಂದ್ ಕಪ್ ಚಾ ಕೊಡ್ರಿ" ಎಂದಳು. ಟವೆಲ್ ಕೊಟ್ಟೆ. ತಲೆ ಒರೆಸುತ್ತ ಹೇಳಿದಳು, "ನಾ ಸಂಘದಾಗ ಇಲ್ಲಂತ್ರಿ."

"ಇಲ್ಲ ಅಂದ್ರೆ?"

"ಮೆಂಬರ್‌ಶಿಪ್ ಮನಿಗೆ ಅಂತ. ಮನಿ ಯಜಮಾನರ ಹೆಸರಿಗೆ ಅಂತ. ಮನಿ ಅವರ ಕಡೆ ಉಳೀತು, ಮೆಂಬರ್‌ಶಿಪ್ಪೂ ಅಲ್ಲೇ ಉಳೀತು. ಹೊಸದಾಗಿ ಸೇರ್ತೀನಿ ಅಂತ ಹ್ಯಾರೋದಾಗ ಕೇಳಿದೆ. ಅವರು ಕಮಿಟಿಯೊಳಗ ಇದ್ದಾರಲ್ಲ, ಮುಖ ಮುರ್ಕೊಳ್ಳಾಕ ಯಾರಿಗೂ ಮನಸ್ಸಿಲ್ಲ. ಸ್ವಲ್ಪ ದಿನ ತಡೀರಿ ಅಂದ್ರು. ಎಜ್‌ವೇರಿನಾಗ ಕೇಳಿದೆ. ಒಕ್ಕೂಟದ ಹೊಸಾ ನಿಯಮ ಬರಲಿಕ್ಕತ್ತದ, ತಡೀರಿ ಅಂದ್ರು. ಎಲ್ಲಾರೂ ಛಲೋ ಮಂದಿ ಅಕ್ಕಾ. ಹೊರಗ ಹೋಗು ಅಂತ ಒಬ್ರೂ ಅಂದಿಲ್ಲ. ತಡೀರಿ ಅಂತಾರ, ಅಷ್ಟ."

"ಕ್ಲಾಸು?"

"ಮೆಂಬರ್ ಅಲ್ಲದವರು ಕ್ಲಾಸ್ ತೊಗೊಳ್ಳೂ ಹಂಗಿಲ್ಲಂತ. ಅದೂ ಆ ಸಂವಿಧಾನದಾಗ ಬರದಾರ." ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು, ಕುಡಿಯುತ್ತಿರಲಿಲ್ಲ. "ಈ ಊರಾಗ ನನಗ ಇರೂದು ಇವೇ ಮಂದಿ. ಗಂಡನ್ನ ಬಿಟ್ಟೆ, ಆತು. ಇವರನ್ನೂ ಬಿಡಬೇಕೇನು?"

ಫ್ರಿಜ್ಜಿನ ಮೇಲಿನ ಕರಡನ್ನು ಇಳಿಸಿ, ಧೂಳು ಕೊಡವಿ, ಇಬ್ಬರೂ ಓದಿದೆವು. ಒಂದು ಮನೆಗೆ ಒಂದೇ ಮತ, ಅದು ಮನೆಯ ಯಜಮಾನರದು. ಒಂದು ಸಂಘದಿಂದ ಹೊರಗಾದವರನ್ನು ಆ ಸಂಘದ ಒಪ್ಪಿಗೆಯಿಲ್ಲದೆ ಇನ್ನೊಂದು ಸಂಘ ಸೇರಿಸಿಕೊಳ್ಳತಕ್ಕದ್ದಲ್ಲ. ಹೀಗೆ ಬರೆದದ್ದಕ್ಕೆ ಕಾರಣವೂ ಇತ್ತು. ಜಗಳ ಮಾಡಿಕೊಂಡವರು ಇಲ್ಲಿಂದಲ್ಲಿಗೆ ಹಾರಿ ಗುಂಪು ಕಟ್ಟಬಾರದು ಎಂದು ಡಾಕ್ಟರು ಅದನ್ನು ಸೇರಿಸಿದ್ದರು. ಆದರೆ ಅದರ ಪ್ರಕಾರ ಹ್ಯಾರೋದವರು ಹೂಂ ಎನ್ನದಿದ್ದರೆ ವಸುಧಾಗೆ ಎಜ್‌ವೇರಿನಲ್ಲೂ ಜಾಗವಿಲ್ಲ, ನಮ್ಮಲ್ಲೂ ಇಲ್ಲ. ಒಂದು ಸಂಘ ಇನ್ನೊಂದರ ಮೇಲೆ ಜೋರು ಮಾಡದ ಹಾಗೆ ಎಷ್ಟೆಲ್ಲ ಎಚ್ಚರಿಕೆ ತೆಗೆದುಕೊಂಡಿದ್ದರು. ಸಂಘವೇ ಒಬ್ಬ ಮನುಷ್ಯನ ಮೇಲೆ ಜೋರು ಮಾಡಿದರೆ ಏನು ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ.

ಅವಳು ಹೋದ ಮೇಲೆ ಲಾರೆನ್ಸ್ ಹತ್ತಿರ ಹೇಳಿದೆ. ಇದು ಬದಲಾಗದೆ ನಾನು ಒಪ್ಪುವುದಿಲ್ಲ ಎಂದೆ. ಅವರು ನನ್ನ ಪರವೇ ಇರುತ್ತಾರೆ ಎಂದುಕೊಂಡಿದ್ದೆ.

"ಒಬ್ಬಳಿಗೋಸ್ಕರ ಇಷ್ಟು ವರ್ಷದ ಕೆಲಸ ಹಾಳು ಮಾಡ್ತೀಯಾ? ಡಾಕ್ಟ್ರಿಗೆ ವಯಸ್ಸಾಯ್ತು. ಈಗ ಕಟ್ಟಡ ಆಗದಿದ್ರೆ ಇನ್ನು ಯಾವಾಗಲೂ ಆಗುದಿಲ್ಲ" ಎಂದರು.

"ಒಬ್ಬಳು ಸಾಲದಾ? ಎಷ್ಟು ಜನ ಬೇಕು ನಿಮಗೆ?"

"ಬೊಬ್ಬೆ ಹಾಕ್ಬೇಡ."

ಅಲ್ಲಿಂದ ಆ ಚಳಿಗಾಲ ನಮ್ಮ ಮನೆಯೊಳಗೂ ಬಂದು ಕೂತಿತು. ಅವರು ಮುಂಜಾನೆಯ ಪಾಳಿ ಎಂದು ಮಾತಿಲ್ಲದೆ ಹೊರಡುವುದು, ನಾನು ಡಬ್ಬಿ ಮೇಜಿನ ಮೇಲೆ ಕುಕ್ಕಿ ಇಡುವುದು. ಕ್ರಿಸ್‌ಮಸ್ಸಿಗೆ ಕುಸ್ವಾರಿನ ತಿಂಡಿ ಮಾಡಲು ಕೂತರೆ ಸಿಹಿ ಹೂರಣದ ನೆವ್ರಿ ಮಡಿಸುವಾಗಲೂ ಅದೇ ವಾದ. ಕಡೆಗೆ ಇಬ್ಬರೂ ಸುಮ್ಮನಾದೆವು.

ಜನವರಿಯಲ್ಲಿ ಡಾಕ್ಟರ ಮನೆಗೆ ಒಬ್ಬಳೇ ಹೋದೆ. ಹ್ಯಾರೋದ ಸಾಲು ಮನೆಗಳ ಮುಂದೆ ನಿಂತ ಕಾರುಗಳ ಗಾಜಿನ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಅವರ ಹೆಂಡತಿ ಕೋಡುಬಳೆ, ಕಾಫಿ ತಂದಿಟ್ಟು, "ಬಂದಿದ್ದು ಒಳ್ಳೇದಾಯ್ತು ಸೆವ್ರಿನ್, ಇವರಿಗೆ ನಿದ್ದೆ ಇಲ್ಲ" ಎಂದು ಒಳಗೆ ಹೋದರು. ಡಾಕ್ಟರು ನಾನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿದರು. ರೋಗಿಗಳ ಮಾತನ್ನೂ ಹೀಗೇ ಕೇಳುತ್ತಿದ್ದರೇನೋ.

"ನೋಡಮ್ಮ, ತೊಂಬತ್ತರ ದಶಕದಲ್ಲಿ ಈ ಸಂಘ ಒಂದ್ಸಲ ಒಡೀತು. ನಿಮಗೆ ಗೊತ್ತಿಲ್ಲ, ನೀವಾಗ ಬಂದಿರ್ಲಿಲ್ಲ. ರಾಜ್ಯೋತ್ಸವದ ನಾಟಕದಲ್ಲಿ ಯಾರಿಗೋ ಪಾತ್ರ ಕೊಡಲಿಲ್ಲ ಅಂತ ಶುರುವಾಯ್ತು. ನನ್ನ ಹಕ್ಕು, ನಿನ್ನ ಹಕ್ಕು ಅಂತ ವಕೀಲರ ತನಕ ಹೋಯ್ತು. ಒಟ್ಟಿಗೆ ಆಡಿ ಬೆಳೆದ ಮಕ್ಕಳು ಒಬ್ಬರ ಮದುವೆಗೆ ಒಬ್ಬರು ಹೋಗ್ಲಿಲ್ಲ. ಅದನ್ನ ನಾನು ಕಣ್ಣಾರೆ ನೋಡಿದೀನಿ."

"ಅದಕ್ಕೂ ಇದಕ್ಕೂ ಎಂತ ಸಂಬಂಧ ಡಾಕ್ಟ್ರೇ? ಇವಳು ಪಾತ್ರ ಕೇಳ್ತಾ ಇಲ್ಲ."

"ಮೊದಲು ಮೂರೂ ಸಂಘ ಒಪ್ಪಲಿ. ಆಮೇಲೆ ತಿದ್ದುಪಡಿ ತರೋಣ. ವಸುಧಾ ವಿಷಯ ನಾನು ನೋಡ್ಕೋತೀನಿ. ಮಾತು ಕೊಡ್ತೀನಿ."

"ನೀವಿರುವಷ್ಟು ದಿನ ನಿಮ್ಮ ಮಾತು ನಡೀತದೆ. ಆಮೇಲೆ? ಈಗಲೇ ಬರೆದ್ರೆ ಎಂತ ನಷ್ಟ?"

"ಮನೆಯೊಳಗೆ ಯಾರಿಗೆ ಏನು ಹಕ್ಕು ಅಂತ ಬರೆದು ಗೋಡೆಗೆ ಹಾಕಿದ್ರೆ ಅದು ಮನೆ ಅನ್ನಿಸ್ಕೊಳುತ್ತೇನಮ್ಮ?" ಎಂದರು. ಅದನ್ನು ಕೇಳುವಾಗ ಅವರ ದನಿ ನಿಜವಾಗಿಯೂ ನೊಂದಿತ್ತು.

ನಾನು ಕಾಫಿ ಮುಗಿಸಿ ಎದ್ದೆ. ಮೆಟ್ರೊಪಾಲಿಟನ್ ಲೈನಿನ ರೈಲಿನಲ್ಲಿ ವಾಪಸು ಬರುವಾಗ, ಕಿಟಕಿಯಾಚೆ ಮನೆಗಳ ಹಿತ್ತಲುಗಳು ಒಂದೊಂದಾಗಿ ಹಿಂದೆ ಹೋಗುವಾಗ ಉತ್ತರ ಹೊಳೆಯಿತು. ಹಾಗಾದರೆ ಆ ಮನೆಯಲ್ಲಿ ವಸುಧಾ ಎಲ್ಲಿ ಕೂರಬೇಕು ಎಂದು ಕೇಳಬೇಕಿತ್ತು. ಹಾಳಾದ್ದು, ನನಗೆ ಬೇಕಾದ ಮಾತು ಬೇಕಾದಾಗ ಬಂದದ್ದೇ ಇಲ್ಲ.

ಫೆಬ್ರವರಿಯಲ್ಲಿ ಹ್ಯಾರೋದವರು ಒಪ್ಪಿದರು. ಅದಾದ ಮೇಲೆ ಎಜ್‌ವೇರಿನವರೂ ಒಪ್ಪಿದರು. ಒಪ್ಪುವುದು ಎಂದರೆ ಹೇಗೆ ಎಂದು ಹೇಳಬೇಕು. ನಮ್ಮ ಸಂಘಗಳಲ್ಲಿ ಮತ ಹಾಕುವ ಪದ್ಧತಿಯೇ ಇಲ್ಲ. ಕಾರ್ಯಕ್ರಮದ ಕೊನೆಗೆ ಅಧ್ಯಕ್ಷರು ಮೈಕಿನಲ್ಲಿ "ಎಲ್ಲರಿಗೂ ಒಪ್ಪಿಗೆ ತಾನೇ?" ಎಂದು ಕೇಳುತ್ತಾರೆ. ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟುತ್ತಾರೆ. ಅವರನ್ನು ನೋಡಿ ಎಲ್ಲರೂ ತಟ್ಟುತ್ತಾರೆ. ಸರ್ವಾನುಮತ ಎಂದು ಬರೆದುಕೊಂಡು ಊಟಕ್ಕೆ ಏಳುತ್ತಾರೆ. ಆ ಹೊತ್ತಿಗೆ ಒಗ್ಗರಣೆಯ ವಾಸನೆ ಹಾಲ್ ತುಂಬಿರುತ್ತದೆ, ಮಕ್ಕಳು ಹಸಿದು ರಂಪ ಮಾಡುತ್ತಿರುತ್ತವೆ. ಆಗ ಎದ್ದು ನಿಂತು ನನಗೆ ಒಪ್ಪಿಗೆಯಿಲ್ಲ ಎನ್ನುವ ಗಂಡಸು ಹೆಂಗಸು ಯಾರೂ ಹುಟ್ಟಿರಲಿಲ್ಲ.

ಉಳಿದದ್ದು ನಾವು. ಯುಗಾದಿ ಕಳೆದ ಭಾನುವಾರ, ಹಬ್ಬದ ಕಾರ್ಯಕ್ರಮದ ದಿನವೇ ನಮ್ಮ ಸಭೆ. ಅದಕ್ಕೆ ಸ್ವಲ್ಪ ಮೊದಲು ನಮ್ಮ ಅಧ್ಯಕ್ಷ ಪ್ರಶಾಂತನ ಫೋನು ಬಂತು. ಬೆಂಗಳೂರಿನ ಹುಡುಗ, ಮನಸ್ಸಿನಲ್ಲಿ ಒಂದಿಷ್ಟೂ ಕಪಟವಿಲ್ಲ.

"ಆಂಟಿ, ಸಕ್ಕತ್ ನ್ಯೂಸ್! ಯುಗಾದಿ ಫಂಕ್ಷನ್ನಲ್ಲಿ ವಸುಧಾ ಮೇಡಂಗೆ ಸನ್ಮಾನ. ಡಾಕ್ಟ್ರದೇ ಐಡಿಯಾ. ಅವರೇ ಬಂದು ಶಾಲು ಹೊದಿಸ್ತಾರಂತೆ. ಎಲ್ಲಾ ಮುನಿಸೂ ಮುಗೀತು ಬಿಡಿ."

ನನ್ನ ಮಂಡೆ ಬಿಸಿಯಾಯಿತು. ಸನ್ಮಾನ ಎಂದರೆ ನಮ್ಮವರಿಗೆ ಗೊತ್ತಲ್ಲ. ಶಾಲು ಹೊದಿಸಿಕೊಂಡವರು ಹೊದಿಸಿದವರ ಎದುರು ಬಾಯಿ ತೆರೆಯುವ ಹಾಗಿಲ್ಲ. ಒಲ್ಲೆ ಎಂದರಂತೂ ಅದಕ್ಕಿಂತ ದೊಡ್ಡ ಅಹಂಕಾರ ಬೇರೊಂದಿಲ್ಲ. ಕೂಡಲೇ ವಸುಧಾಗೆ ಫೋನ್ ಮಾಡಿದೆ.

"ತಿಳೀತ್ರಿ ಅಕ್ಕಾ" ಎಂದು ಅವಳು ಸಣ್ಣಗೆ ನಕ್ಕಳು. "ಆದ್ರೂ ಬರ್ತೀನಿ. ಮೆಂಬರ್ ಅಂತ ಹೇಳ್ಕೊಂಡು ನಾ ಆ ಹಾಲಿನಾಗ ಬರೂ ಹಂಗಿಲ್ಲ. ಸನ್ಮಾನಕ್ಕರೆ ಕರದಾರಲ್ಲ."

ಆ ದಿನ ಮಧ್ಯಾಹ್ನ ಈ ಹಾಲ್ ತುಂಬಿತ್ತು. ಬಾಗಿಲಿಗೆ ಮಾವಿನೆಲೆಯ ಬದಲು ಕಾಗದದಲ್ಲಿ ಕತ್ತರಿಸಿದ ಹಸಿರು ತೋರಣ. ಮಕ್ಕಳ ಹಾಡು, ಕೋಲಾಟ. ಆಮೇಲೆ ವಸುಧಾಳನ್ನು ವೇದಿಕೆಗೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ಡಾಕ್ಟರು ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು. ಪ್ರಶಾಂತ ಮೈಸೂರು ಪೇಟ ಇಟ್ಟ, ಅದು ಅವಳ ಹಣೆಯ ಮೇಲೆ ಸ್ವಲ್ಪ ಜಾರಿತು. ಕೊನೆಗೆ ಇಷ್ಟು ದೊಡ್ಡ ಹಣ್ಣಿನ ತಟ್ಟೆ: ಸೇಬು, ಕಿತ್ತಳೆ, ನಡುವೆ ಒಂದು ಅನಾನಸು, ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ರಿಬ್ಬನ್ ಕಟ್ಟಿದ್ದರು. ಎದ್ದು ನಿಂತು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡಳು. ಜನ ಮನಸಾರೆ ಚಪ್ಪಾಳೆ ತಟ್ಟಿದರು. ಅವರಲ್ಲಿ ಕೆಲವರ ಮಕ್ಕಳು ಅವಳಿಂದಲೇ ಅಆಇಈ ಕಲಿತಿದ್ದರು.

ಆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಡಾಕ್ಟರು ಮೈಕ್ ತೆಗೆದುಕೊಂಡರು. "ಇದೇ ಶುಭ ಗಳಿಗೆಯಲ್ಲಿ ನಮ್ಮ ಒಕ್ಕೂಟದ ಸಂವಿಧಾನಕ್ಕೂ ಕ್ರೋಯ್ಡನ್ ಬಂಧುಗಳ ಅನುಮೋದನೆ ಕೇಳ್ತಿದೀನಿ. ಎಲ್ಲರಿಗೂ ಒಪ್ಪಿಗೆ ತಾನೇ?"

ತಟ್ಟುತ್ತಿದ್ದ ಕೈಗಳು ತಟ್ಟುತ್ತಲೇ ಇದ್ದವು. ಅಷ್ಟೇ. ನಾನು ಎರಡನೇ ಸಾಲಿನಲ್ಲಿ ಎದ್ದು "ಇಲ್ಲ, ಇಲ್ಲ" ಎಂದು ಕೂಗಿದೆ, ಯಾರಿಗೂ ಕೇಳಿಸಲಿಲ್ಲ. ಇಷ್ಟು ತಿಂಗಳ ಜಗಳ, ಇಷ್ಟು ಓಡಾಟ, ಎಲ್ಲ ಹೀಗೆ ಮುಗಿದುಹೋಯಿತಲ್ಲ ಎಂದು ಕಣ್ಣಲ್ಲಿ ನೀರು ಬಂತು.

ವಸುಧಾ ಡಾಕ್ಟರ ಹತ್ತಿರ ಹೋದಳು. "ಸ್ವಲ್ಪ ಹಿಡೀರಿ ಸರ" ಎಂದು ಹಣ್ಣಿನ ತಟ್ಟೆಯನ್ನು ಮುಂದೆ ಚಾಚಿದಳು. ದೊಡ್ಡವರಲ್ಲವೇ, ಮರ್ಯಾದಸ್ಥರು. ಹೆಣ್ಣುಮಗಳೊಬ್ಬಳು ಭಾರ ಹಿಡಿ ಎಂದರೆ ಹಿಡಿಯದೆ ಇರುತ್ತಾರೆಯೇ? ಮೈಕನ್ನು ಅವಳ ಕೈಗೆ ಕೊಟ್ಟು ತಟ್ಟೆ ಹಿಡಿದುಕೊಂಡರು.

"ನಮಸ್ಕಾರ್ರೀ" ಎಂದಳು ಅವಳು ಮೈಕಿನಲ್ಲಿ. ಚಪ್ಪಾಳೆ ನಿಂತಿತು, ಸನ್ಮಾನಿತರು ಎರಡು ಮಾತಾಡುವುದು ವಾಡಿಕೆ ತಾನೇ. "ಈಗ ನೀವು ಚಪ್ಪಾಳಿ ತಟ್ಟಿದ್ದು ನನಗೋ, ಸಂವಿಧಾನಕ್ಕೋ? ನನಗ ಗೊತ್ತಾಗ್ಲಿಲ್ಲ. ಸರ, ನೀವೊಂದು ಚಪ್ಪಾಳಿ ತಟ್ರಿ ನೋಡೂಣು."

ಡಾಕ್ಟರು ಅನಾನಸಿನ ಹಿಂದಿನಿಂದ ಅವಳನ್ನೇ ನೋಡಿದರು. ಯಾರೋ ಒಬ್ಬರು ಕಿಸಕ್ಕನೆ ನಕ್ಕು ಸುಮ್ಮನಾದರು.

"ಆಗೂದಿಲ್ಲ, ಹೌದಲ್ರೀ? ಈಗಷ್ಟ ನನಗೂ ಹಂಗ ಆಗಿತ್ತು. ಕೈ ತುಂಬ ಕೊಟ್ರಿ, ಕೈ ಎತ್ತಾಕ ಬರದಂಗ ಆತು. ಕೈ ಬಿಡುವಿದ್ದರೂ ನನಗ ಮತ ಇಲ್ಲ ಬಿಡ್ರಿ, ನನಗ ಯಜಮಾನರಿಲ್ಲ. ಈ ಶಾಲು ನೀವು ಅತಿಥಿಗೆ ಹೊದಿಸಿದ್ರೆ ತೊಗೊಂಡು ಹೋಗ್ತೀನಿ, ಇನ್ನ ಬರೂದಿಲ್ಲ. ನಿಮ್ಮವಳಿಗೆ ಹೊದಿಸಿದ್ರೆ, ನಿಮ್ಮೊಳಗ ನನಗೊಂದು ಜಾಗ ಬರದು ಕೊಡ್ರಿ. ಅಷ್ಟ ನಾ ಕೇಳೂದು." ಪೇಟವನ್ನು ತೆಗೆದು ಕುರ್ಚಿಯ ಮೇಲೆ ಇಟ್ಟಳು. ಶಾಲನ್ನು ಮಾತ್ರ ಹೊದ್ದುಕೊಂಡೇ ನಿಂತಿದ್ದಳು.

ಆಗ ನನ್ನ ಪಕ್ಕದಲ್ಲಿ ಲಾರೆನ್ಸ್ ಎದ್ದು ನಿಂತರು. ಸಭೆಯಲ್ಲಿ ಅವರು ಮಾತಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನನಗೆ ಹೆದರಿಕೆಯಾಯಿತು.

"ನನಗೆ ಈ ಒಕ್ಕೂಟ ಬೇಕು" ಎಂದರು. "ಕಟ್ಟಡ ಬೇಕು. ಕರಡು ಹೀಗೇ ಇದ್ರೆ ನನ್ನ ಹೆಂಡತಿಗೆ ಬೇಡ. ನವೆಂಬರಿನಿಂದ ನಮ್ಮ ಮನೆಯಲ್ಲಿ ಇದೇ ಗಲಾಟೆ. ಈಗ ಒಂದು ಮನೆಗೆ ಒಂದೇ ಮತ ಅಂದ್ರೆ ನಮ್ಮ ಮನೆಯದ್ದು ಯಾವುದು ಹೇಳಿ ಡಾಕ್ಟ್ರೇ? ನನ್ನದು ಬರೆದುಕೊಂಡ್ರೆ ಇವಳದ್ದು ಸುಳ್ಳಾಯ್ತು. ಇವಳು ನನ್ನ ಹತ್ರ ಮಾತಾಡದೆ ಎಷ್ಟು ದಿನ ಆಯ್ತು, ಇಬ್ಬರದ್ದೂ ಒಂದೇ ಅಂತ ನಾನು ಹೇಗೆ ಹೇಳ್ಲಿ?"

ಜನ ನಕ್ಕರು. ಆದರೆ ಆ ನಗುವಿನ ನಡುವೆ ಹಿಂದಿನ ಸಾಲಿನ ಹೆಂಗಸೊಬ್ಬಳು, "ನಮ್ಮನೇಲೂ ಹಾಗೇನೆ" ಎಂದಳು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಡಾಕ್ಟರಿಗೆ ಅವಮಾನ ಮಾಡಿದಿರಿ ಎಂದು ಒಬ್ಬರು, ಹೆಂಗಸರನ್ನು ಎತ್ತಿಕಟ್ಟುತ್ತಿದ್ದಾರೆ ಎಂದು ಇನ್ನೊಬ್ಬರು, ತರಗತಿ ನಿಂತರೆ ನಮ್ಮ ಮಕ್ಕಳ ಗತಿ ಏನು ಎಂದು ಮತ್ತೊಬ್ಬರು. ಪ್ರಶಾಂತ ಬೆವರು ಒರೆಸಿಕೊಂಡು, "ಆಂಟಿ, ಈಗ ಏನ್ ಮಾಡೋಣ?" ಎಂದು ವೇದಿಕೆಯಿಂದಲೇ ಕೇಳಿದ.

"ಚೀಟಿ ಕೊಡುವ. ಒಬ್ಬೊಬ್ಬರಿಗೂ ಒಂದು" ಎಂದೆ.

ಮಕ್ಕಳ ಚಿತ್ರದ ಪುಸ್ತಕದ ಹಾಳೆ ಹರಿದು ಚೀಟಿ ಮಾಡಿದೆವು. ಲಾಡಿನ ಡಬ್ಬಿಯೇ ಪೆಟ್ಟಿಗೆ. ಹೀಗೇ ಒಪ್ಪಬೇಕೋ, ಒಬ್ಬೊಬ್ಬರ ಹಕ್ಕನ್ನು ಬರೆದ ಮೇಲೆ ಒಪ್ಪಬೇಕೋ, ಇಷ್ಟೇ ಪ್ರಶ್ನೆ. ಅಡುಗೆಮನೆಯಿಂದ ಹೆಂಗಸರು ಸೆರಗಿಗೆ ಕೈ ಒರೆಸುತ್ತ ಬಂದರು. ಒಬ್ಬಳು ಚೀಟಿ ಹಿಡಿದು "ಏನ್ರೀ ಬರೀಲಿ?" ಎಂದು ಗಂಡನನ್ನು ಕೇಳಿದಳು. ಅವನು ಹೇಳಲು ಬಾಯಿ ತೆರೆದವನು ಸುತ್ತ ನೋಡಿ, "ನಿಂಗೆ ಅನ್ಸಿದ್ದು ಬರಿ" ಎಂದು ಆಚೆ ತಿರುಗಿದ. ಎಲ್ಲರೂ ಕೆಂಪು, ನೀಲಿ, ಹಸಿರು ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದರು. ಬರೆದ ಮೇಲೆ ಒಪ್ಪೋಣ ಎಂದವರೇ ಹೆಚ್ಚಾದರು, ಆದರೆ ಬಹಳವೇನಲ್ಲ. ಲಾರೆನ್ಸ್ ಏನು ಬರೆದರೆಂದು ಇವತ್ತಿನವರೆಗೆ ಹೇಳಿಲ್ಲ, ನಾನೂ ಕೇಳಿಲ್ಲ.

ಇಷ್ಟು ಹೊತ್ತೂ ಡಾಕ್ಟರು ವೇದಿಕೆಯ ಮೇಲೆ ತಟ್ಟೆ ಹಿಡಿದೇ ನಿಂತಿದ್ದರು. ಕೆಳಗಿಡುವುದು ಅವರಿಗೆ ತೋಚಲಿಲ್ಲ, ಇಸಿದುಕೊಳ್ಳುವುದು ಯಾರಿಗೂ ನೆನಪಾಗಲಿಲ್ಲ. ನಾನೇ ಹತ್ತಿ ಹೋಗಿ ತೆಗೆದುಕೊಂಡೆ. ಅವರ ಬೆರಳುಗಳು ಬಿಳಿಚಿದ್ದವು.

"ಎಲ್ಲರೂ ಒಟ್ಟಿಗಿರಲಿ ಅಂತ ಬರೆದೆ ಕಣಮ್ಮ. ಅವಳನ್ನ ಹೊರಗೆ ಹಾಕಬೇಕು ಅಂತ ಅಲ್ಲ" ಎಂದರು.

"ನನಗೆ ಗೊತ್ತುಂಟು ಡಾಕ್ಟ್ರೇ. ಆದ್ರೆ ಅದು ಅದರಲ್ಲಿ ಇರ್ಲಿಲ್ಲ" ಎಂದೆ. ಅವರು ತಲೆಯಾಡಿಸಿದರು. ಊಟಕ್ಕೆ ನಿಲ್ಲದೆ ಹೊರಟುಹೋದರು.

ಹ್ಯಾರೋದವರು ಕರಡನ್ನು ಮತ್ತೆ ತೆರೆಯಲು ಒಪ್ಪಲಿಲ್ಲ. ಒಕ್ಕೂಟ ಅಲ್ಲಿಗೇ ನಿಂತಿತು. ಆ ಬೇಸಿಗೆಯ ಹೊತ್ತಿಗೆ ಫ್ರಾನ್ಸಿನವರೂ ಹಾಲೆಂಡಿನವರೂ ಯುರೋಪಿನ ಸಂವಿಧಾನ ಬೇಡವೆಂದರು. ಇಲ್ಲಿ ವೋಟು ಕೇಳುವ ಪ್ರಮೇಯವೇ ಬರಲಿಲ್ಲ. "ನೋಡು, ನಿನ್ನ ಹಾಗಿನವರು ಅಲ್ಲೂ ಇದ್ದಾರೆ" ಎಂದರು ಲಾರೆನ್ಸ್. ಈ ಸಲ ಅವರು ನಗಲಿಲ್ಲ. ಕಟ್ಟಡ ಇವತ್ತಿಗೂ ಇಲ್ಲ. ಡಾಕ್ಟರು ಮತ್ತೆ ಕ್ರೋಯ್ಡನ್ನಿಗೆ ಬರಲಿಲ್ಲ. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡಾಗ ಹೋಗಿದ್ದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡವರು ಬಿಡಲೇ ಇಲ್ಲ. ಆ ಹಿಡಿತ ನೆನಪಾದಾಗೆಲ್ಲ ನನಗೆ ಸಂಕಟವಾಗುತ್ತದೆ.

ನಮ್ಮ ಸಂಘ ಮಾತ್ರ ಆ ವರ್ಷವೇ ತನ್ನದೇ ಸಂವಿಧಾನ ಬರೆದುಕೊಂಡಿತು. ಪ್ರತಿಯೊಬ್ಬರಿಗೂ ಅವರವರದೇ ಸದಸ್ಯತ್ವ, ಅವರವರದೇ ಮತ. ಕರೆದು ಕೇಳದೆ ಯಾರ ಹೆಸರನ್ನೂ ತೆಗೆಯುವ ಹಾಗಿಲ್ಲ. ಮೊದಲು ಸೇರಿಸಿಕೊಂಡದ್ದು ವಸುಧಾಳ ಹೆಸರನ್ನೇ. ಆ ದಿನ ನಾನು ಖುಷಿಯಿಂದ ಪಾಯಸ ಮಾಡಿದ್ದೆ.

ಆದರೆ ಹ್ಯಾರೋದ ತರಗತಿ ಅವಳಿಗೆ ಸಿಗಲಿಲ್ಲ. ಬೇರೆ ಯಾರೋ ಸ್ವಲ್ಪ ದಿನ ನಡೆಸಿದರು, ಆಮೇಲೆ ನಿಂತೇಹೋಯಿತು. ನಮ್ಮಲ್ಲೇ ಒಂದು ತರಗತಿ ಮಾಡೋಣವೆಂದರೆ ನಮ್ಮ ನಾಲ್ಕಾರು ಮಕ್ಕಳು ಸಾಲರು, ಅಷ್ಟು ದೂರದಿಂದ ಇಲ್ಲಿಗೆ ಮಕ್ಕಳನ್ನು ಯಾರು ತರುತ್ತಾರೆ? ಆ ದೀಪಾವಳಿಗೆ ವಸುಧಾ ಬಂದಳು. ಎಲ್ಲರೂ "ಬನ್ನಿ, ಬನ್ನಿ" ಎಂದರು, ಕುರ್ಚಿ ತೋರಿಸಿದರು. ಆದರೆ ಅವಳು ಬಂದು ಕೂತ ಕಡೆ ಹೆಂಗಸರ ಮಾತು ತಗ್ಗುತ್ತಿತ್ತು. ಯಾರೋ ಯಾರಿಗೋ "ಅವತ್ತು ಗಲಾಟೆ ಆಯ್ತಲ್ಲ, ಇವರೇ" ಎಂದು ಪಿಸುಗುಟ್ಟಿದ್ದು ನನಗೇ ಕೇಳಿಸಿತು, ಅವಳಿಗೆ ಕೇಳಿಸದೆ ಇರುತ್ತದೆಯೇ? ನಾನು ಬಡಿಸುವ ಗಡಿಬಿಡಿ ಮುಗಿಸಿ ಅವಳ ಹತ್ತಿರ ಬರುವಷ್ಟರಲ್ಲಿ ಕೋಟು ಹಾಕಿಕೊಂಡು ನಿಂತಿದ್ದಳು. "ಟ್ರೈನಿಗೆ ಹೊತ್ತಾತ್ರಿ ಅಕ್ಕಾ" ಎಂದಳು. ಮತ್ತೆ ಬರಲಿಲ್ಲ. ಈಗ ನಮ್ಮಿಬ್ಬರ ನಡುವೆ ಕ್ರಿಸ್‌ಮಸ್ಸಿಗೆ ಒಂದು, ಯುಗಾದಿಗೆ ಒಂದು ಮೆಸೇಜು. ಸಂಘದ ಸುದ್ದಿ ನಾನೂ ಎತ್ತುವುದಿಲ್ಲ, ಅವಳೂ ಎತ್ತುವುದಿಲ್ಲ.

ವೋಟು ಹಾಕಿ ಬಂದ ಮರುವಾರ ಅಕ್ಷತಾ ಫೋನ್ ಮಾಡಿದಳು.

"ಆಂಟಿ, ನೀವ್ ಹೇಳಿದ್ರಲ್ಲ, ಆ ವಸುಧಾ ಮೇಡಂಗೆ ಫೋನ್ ಮಾಡಿದ್ದೆ. ಹೆಸರು ತೆಗೆಯೋದಕ್ಕೆ ಮುಂಚೆ ನಿಮ್ಮನ್ನ ಕೇಳಬೇಕು ಅಂತ ರೂಲ್ ಇದೆ, ಅದಕ್ಕೆ ಕೇಳ್ತಿದೀನಿ ಅಂದೆ. ಏನಂದಿ, ಇನ್ನೊಮ್ಮೆ ಹೇಳಮ್ಮಾ ಅಂದ್ರು. ಮತ್ತೆ ಹೇಳಿದೆ."

"ಆಮೇಲೆ?"

"ಇನ್ಮೇಲೆ ಬರ್ತೀರಾ ಅಂದೆ. ಇಲ್ಲಮ್ಮಾ, ಬರೂದಿಲ್ಲ ಅಂದ್ರು. ಹಾಗಾದ್ರೆ ತೆಗೆದ್ಬಿಡ್ಲಾ ಅಂದೆ."

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. "ಎಂತ ಹೇಳಿದ್ರು?"

"ಬ್ಯಾಡ, ನನ್ನ ಹೆಸರು ಇರಲಿ ಅಂದ್ರು. ಅಷ್ಟೇ ಹೇಳಿ ಇಟ್ಬಿಟ್ರು. ಬರೋದೇ ಇಲ್ಲ ಅಂದ್ಮೇಲೆ ಹೆಸರು ಯಾಕಾಂಟಿ?"

"ಇರಲಿ ಮಗಾ" ಎಂದೆ. "ಅದು ಅವರಿಗೆ ಬರೆದುಕೊಟ್ಟ ಜಾಗ."